ಎದೆಯ ಮೇಲಿನ ಬಿಲ್ಲೆ



ಕಳೆದ ವರ್ಷದ ಜಾತ್ರೆ ಮುಗಿದ ಮೂರನೆಯ ದಿನ ಶ್ರೀಮಠದ ಉಗ್ರಾಣದ ಲೆಕ್ಕ ನೋಡುತ್ತಾ ಕುಳಿತಿದ್ದೆವು. ದಾಸೋಹಕ್ಕೆ ಬಂದ ಜೋಳ, ಬೆಲ್ಲ, ಬೇಳೆಗಳ ಪಟ್ಟಿಯಲ್ಲಿ ಒಂದು ಹಳ್ಳಿಯ ಹಿರಿಯ ಭಕ್ತರ ಹೆಸರಿನ ಮುಂದೆ ಎಂದಿನಂತೆ ನಾಲ್ಕು ಚೀಲ ಜೋಳ ಬರೆದಿತ್ತು. ನಲವತ್ತು ವರ್ಷಗಳಿಂದ ಆ ಜೋಳ ತಪ್ಪದೆ ಬರುತ್ತಿದೆ. ನಮ್ಮ ಲಿಂಗೈಕ್ಯ ಗುರುಗಳ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಬರುತ್ತಿತ್ತು, ಈಗ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಜೋಳ ಇಳಿಸಿದ ಮೇಲೆ ಆ ಹಿರಿಯರು ಕೈಕಾಲು ತೊಳೆದು, ವಿಭೂತಿ ಧರಿಸಿ, ನಮ್ಮ ಮುಂದೆ ಒಂದು ಗಳಿಗೆ ಕುಳಿತು ಮಳೆ ಬೆಳೆಯ ಮಾತನಾಡಿ ಹೋಗುವುದು ರೂಢಿ. ಈ ಸಲ ಅವರು ಕುಳಿತ ನೆನಪು ನಮಗಾಗಲಿಲ್ಲ. ಉಗ್ರಾಣದವನನ್ನು ಕೇಳಿದೆವು. ಅವನು ತಲೆ ತಗ್ಗಿಸಿ, "ಬಂದಿದ್ದರು ಬುದ್ಧೀ, ಗೇಟಿನಲ್ಲಿ ತಡೆದರಂತೆ" ಎಂದ.

ವಿಚಾರಿಸಲಾಗಿ ತಿಳಿದದ್ದು ಇಷ್ಟು. ಜನದಟ್ಟಣೆಗೆಂದು ಜಾತ್ರಾ ಸಮಿತಿಯವರು ಮೂರು ಬಣ್ಣದ ಬಿಲ್ಲೆಗಳನ್ನು ಮಾಡಿಸಿದ್ದರು. ಗಣ್ಯರಿಗೆ ಕೆಂಪು, ದಾನಿಗಳಿಗೆ ಹಳದಿ, ಸ್ವಯಂಸೇವಕರಿಗೆ ಹಸಿರು. ಯಾವುದೂ ಇಲ್ಲದವರು ಬಿದಿರಿನ ಬೇಲಿಯ ಆಚೆಯ ಸಾಲಿನಲ್ಲಿ ನಿಲ್ಲಬೇಕು. ನಾಲ್ಕು ಚೀಲ ಜೋಳ ತಂದವರು ದಾನಿಗಳೇ ಆಗಿದ್ದರೂ ಅವರ ಅಂಗಿಯ ಮೇಲೆ ಹಳದಿ ಬಿಲ್ಲೆ ಇರಲಿಲ್ಲ. ಅದನ್ನು ಕೇಳಿ ಪಡೆಯಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಗೇಟಿನಲ್ಲಿದ್ದ ಹುಡುಗ ಬಿಡಲಿಲ್ಲ. ಅವರು ಸಂಜೆಯವರೆಗೆ ಬೇವಿನ ಮರದ ಕೆಳಗೆ ಕುಳಿತಿದ್ದು, ತೇರು ಎಳೆಯುವುದನ್ನು ದೂರದಿಂದ ನೋಡಿ, ಪ್ರಸಾದ ಸ್ವೀಕರಿಸಿ ಹೊರಟುಹೋದರು. ಯಾರೊಂದಿಗೂ ಜಗಳವಾಡಲಿಲ್ಲ.

ನಾವು ಅವರ ಊರಿಗೆ ಹೋದೆವು. ಕಂಡೊಡನೆ ಎದ್ದು ಬಂದು ನಮಸ್ಕರಿಸಿದರು. ಪಾದಪೂಜೆಯಾಯಿತು. ನಾವೇ ಆ ಮಾತು ತೆಗೆದಾಗ ನಕ್ಕು, "ಅದೇನ್ ದೊಡ್ಡದಲ್ ಬಿಡ್ರಿ ಅಜ್ಜಾರ. ನನ್ನ ಎದಿ ಮ್ಯಾಲ ಲಿಂಗ ಐತಿ. ಆ ಹುಡುಗ ಕೇಳಿದ್ದು ಪ್ಲಾಸ್ಟಿಕ್ ಬಿಲ್ಲಿ. ಅದು ನನ್ನ ಕಡೆ ಇರಲಿಲ್ಲರಿ" ಎಂದರು. ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಅಂದಿನಿಂದ ಈ ಬಿಲ್ಲೆಯ ವಿಚಾರ ನಮ್ಮ ಮನಸ್ಸನ್ನು ಬಿಟ್ಟು ಹೋಗಿಲ್ಲ. ಈ ವರ್ಷದ ಜಾತ್ರೆಯ ಸಿದ್ಧತೆ ನಡೆದಿರುವ ಈ ಹೊತ್ತಿನಲ್ಲಿ ಅದನ್ನೇ ಭಕ್ತರ ಮುಂದೆ ಇಡುತ್ತಿದ್ದೇವೆ.

ಬಿಲ್ಲೆ ಎಂಬ ಮಾತು ನಮ್ಮ ಮನೆಯದೇ. ಕರ್ಪೂರದ ಬಿಲ್ಲೆ, ಬೆಲ್ಲದ ಬಿಲ್ಲೆ ಎನ್ನುತ್ತೇವೆ. ದುಂಡಗೆ, ಚಪ್ಪಟೆಯಾಗಿ, ಕೈಯಲ್ಲಿ ಹಿಡಿಯುವಂತಿರುವುದೆಲ್ಲ ಬಿಲ್ಲೆ. ಹಿಂದಿನ ಕಚೇರಿಗಳಲ್ಲಿ ದಲಾಯತರು ಎದೆಯ ಮೇಲೆ ಅಡ್ಡಪಟ್ಟಿ ಹಾಕಿ ಅದಕ್ಕೆ ಹಿತ್ತಾಳೆಯ ಬಿಲ್ಲೆ ಸಿಕ್ಕಿಸಿಕೊಳ್ಳುತ್ತಿದ್ದರು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಅವರಿಗೆ ಪಟ್ಟೇವಾಲ ಎಂದೇ ಹೆಸರು. ಪಟ್ಟೆ ಧರಿಸಿದವನು ಪಟ್ಟೇವಾಲ. ಹಿಂದಿಯ ಚಪರಾಸಿ ಎಂಬ ಮಾತೂ ಚಪರಾಸ್, ಅಂದರೆ ಬಿಲ್ಲೆ, ಎಂಬುದರಿಂದಲೇ ಬಂದದ್ದು. ಮನುಷ್ಯನ ಹೆಸರು ಹೋಗಿ ಎದೆಯ ಮೇಲಿನ ಲೋಹದ ಹೆಸರೇ ಅವನಿಗೆ ಉಳಿಯಿತು. ಹಳ್ಳಿಗೆ ಅಂಥವನೊಬ್ಬ ಬಂದನೆಂದರೆ ಕಂದಾಯ ಬಾಕಿಯಿದ್ದವರು ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಹೋಗುತ್ತಿದ್ದ ಕಥೆಗಳನ್ನು ಹಿರಿಯರು ಹೇಳುತ್ತಾರೆ. ಅವರು ಹೆದರಿದ್ದು ಆ ಬಡ ನೌಕರನಿಗಲ್ಲ, ಅವನ ಬಿಲ್ಲೆಯ ಹಿಂದೆ ನಿಂತಿದ್ದ ಸರ್ಕಾರಕ್ಕೆ.

ಗ್ರಂಥಗಳ ಭಾಷೆಯಲ್ಲಿ ಇದಕ್ಕೆ ಲಾಂಛನ ಎನ್ನುತ್ತಾರೆ. ಈ ಪದದಲ್ಲಿ ಒಂದು ವಿಚಿತ್ರವಿದೆ. ಸಂಸ್ಕೃತದಲ್ಲಿ ಲಾಂಛನವೆಂದರೆ ಗುರುತು. ಚಂದ್ರನಲ್ಲಿ ಕಾಣುವ ಕಪ್ಪು ಕಲೆಯೂ ಲಾಂಛನವೇ, ಆದ್ದರಿಂದ ಅವನು ಶಶಲಾಂಛನ. ಹಿಂದಿಯವರು ಲಾಂಛನ ಎಂದರೆ ಕಳಂಕ, ಅಪವಾದ ಎಂದೇ ತಿಳಿಯುತ್ತಾರೆ. ಗೌರವದ ಗುರುತಿಗೂ ಕಳಂಕಕ್ಕೂ ಒಂದೇ ಪದ. ಧರಿಸುವವನ ನಡೆಯನ್ನು ನೋಡಿ ಅರ್ಥ ಮಾಡಿಕೊಳ್ಳಿರೆಂದು ಹಿರಿಯರು ಬಿಟ್ಟಿರಬೇಕು.

ನಮ್ಮ ನಾಡಿನ ಅರಸು ಮನೆತನಗಳಿಗೆಲ್ಲ ಲಾಂಛನಗಳಿದ್ದವು. ಕದಂಬರಿಗೆ ಸಿಂಹ, ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ಮೈಸೂರು ಅರಸರ ಗಂಡಭೇರುಂಡ ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ನಿಂತಿದೆ. ಜೈನ ತೀರ್ಥಂಕರರ ಮೂರ್ತಿಗಳನ್ನು ಬೇರೆ ಬೇರೆಯಾಗಿ ಗುರುತಿಸುವುದೂ ಪೀಠದಲ್ಲಿ ಕೆತ್ತಿದ ಲಾಂಛನದಿಂದ. ಎತ್ತು ಇದ್ದರೆ ವೃಷಭನಾಥ, ಸಿಂಹವಿದ್ದರೆ ಮಹಾವೀರ. ನಮ್ಮ ಪಂಚಪೀಠಗಳ ಐದು ಬಣ್ಣದ ಧ್ವಜಗಳನ್ನು ಭಕ್ತರು ನೋಡಿಯೇ ಇದ್ದೀರಿ. ಇವೆಲ್ಲ ಮನೆತನದ, ಪರಂಪರೆಯ ಗುರುತುಗಳು. ಒಬ್ಬನೇ ಮನುಷ್ಯ ಮೈಮೇಲೆ ಧರಿಸುವ ಗುರುತಿನ ಭಾರ ಬೇರೆ ಬಗೆಯದು.

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಶಾಸನಸ್ತಂಭವನ್ನು ಕಂಡಿರಬಹುದು. ಬಹುತೇಕ ಪ್ರವಾಸಿಗರು ಅದನ್ನು ದಾಟಿ ಶಿಲ್ಪ ನೋಡಲು ಓಡುತ್ತಾರೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರಲಕ್ಷ್ಮನ ಕಥೆ ಅಲ್ಲಿದೆ. ಆ ಕಾಲದಲ್ಲಿ ಗರುಡರೆಂಬ ವೀರರಿದ್ದರು. ಒಡೆಯನೊಂದಿಗೆ ಬದುಕುತ್ತೇವೆ, ಒಡೆಯನೊಂದಿಗೆ ಸಾಯುತ್ತೇವೆ ಎಂದು ಪ್ರತಿಜ್ಞೆ ಮಾಡಿದವರು. ಆ ಪ್ರತಿಜ್ಞೆಯ ಗುರುತಾಗಿ ಕಾಲಿಗೆ ತೊಡರು ಹಾಕಿಕೊಳ್ಳುತ್ತಿದ್ದರು. 1220ರ ಸುಮಾರಿಗೆ ಬಲ್ಲಾಳ ತೀರಿಕೊಂಡಾಗ ಕುವರಲಕ್ಷ್ಮ, ಅವನ ಮಡದಿ ಸುಗ್ಗಲಾದೇವಿ, ಅವನ ಸಾವಿರ ಮಂದಿ ವೀರರು ಮಾತಿಗೆ ತಪ್ಪದೆ ಪ್ರಾಣ ಬಿಟ್ಟರೆಂದು ಶಾಸನ ಹೇಳುತ್ತದೆ. ಪ್ರಾಣ ಕೊಡುವ ಆ ಪದ್ಧತಿಯನ್ನು ನಾವು ಕೊಂಡಾಡುತ್ತಿಲ್ಲ. ದೊರೆ ಸತ್ತನೆಂದು ಸಾವಿರ ಮನೆಗಳ ದೀಪ ಆರಬೇಕಾಗಿರಲಿಲ್ಲ. ಆದರೆ ಆ ತೊಡರನ್ನು ಯಾರೂ ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳುತ್ತಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಿರಿ. ಅದನ್ನು ತೊಟ್ಟವನು ಏನು ಕೊಡಲು ಒಪ್ಪಿದ್ದಾನೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಈಗ ಅಂಗಡಿಯಲ್ಲಿ ಸಿಗುತ್ತದೆ. ಮೊಬೈಲ್ ಬಲ್ಲ ನಮ್ಮ ಮಠದ ಯುವಕನೊಬ್ಬ ಮೊನ್ನೆ ಒಂದು ವಿಷಯ ತಿಳಿಸಿದ. ಟ್ವಿಟರ್ ಎಂಬಲ್ಲಿ ಹೆಸರಾಂತವರ ಹೆಸರಿನ ಮುಂದೆ ಒಂದು ನೀಲಿ ಗುರುತು ಇರುತ್ತಿತ್ತಂತೆ. ಇವರು ನಿಜವಾಗಿ ಇವರೇ, ನಕಲಿಯಲ್ಲ ಎಂದು ಪರೀಕ್ಷಿಸಿ ಕೊಟ್ಟ ಗುರುತು ಅದು. 2022ರಲ್ಲಿ ಅದನ್ನು ತಿಂಗಳ ಹಣಕ್ಕೆ ಮಾರಲು ತೊಡಗಿದರು. 2023ರ ಏಪ್ರಿಲ್‌ನಲ್ಲಿ ಹಳೆಯ ಗುರುತುಗಳನ್ನು ತೆಗೆದುಹಾಕಿದರು. ಹಣ ಕೊಟ್ಟವನಿಗೆ ಗುರುತು, ಕೊಡದವನಿಗೆ ಇಲ್ಲ. ಕೇಳಿ ನಮಗೆ ನಗು ಬಂತು. ಆಮೇಲೆ ನಮ್ಮದೇ ಮಠದ ಹಳದಿ ಬಿಲ್ಲೆ ನೆನಪಾಗಿ ನಗು ಹೋಯಿತು.

ಹಾಗಾದರೆ ಬಿಲ್ಲೆಯೇ ಬೇಡವೇ? ಅದು ದುಡುಕಿನ ಮಾತು. ಬಿಲ್ಲೆಯಿಂದ ಲೋಕಕ್ಕೆ ಆಗಿರುವ ಉಪಕಾರ ಸಣ್ಣದಲ್ಲ.

ಕೆಂಪು ಶಿಲುಬೆಯನ್ನೇ ತೆಗೆದುಕೊಳ್ಳಿರಿ. 1859ರಲ್ಲಿ ಇಟಲಿಯ ಸೋಲ್ಫೆರಿನೋ ಎಂಬಲ್ಲಿ ಘೋರ ಯುದ್ಧವಾಯಿತು. ಗಾಯಾಳುಗಳು ನೀರಿಲ್ಲದೆ, ಕೇಳುವವರಿಲ್ಲದೆ ನರಳುತ್ತಿರುವುದನ್ನು ಹೆನ್ರಿ ದ್ಯುನಾನ್ ಎಂಬ ಸ್ವಿಸ್ ವರ್ತಕ ಕಣ್ಣಾರೆ ಕಂಡ. ವ್ಯಾಪಾರದ ಕೆಲಸಕ್ಕೆ ಹೊರಟಿದ್ದವನು ಅದನ್ನು ಬಿಟ್ಟು ಊರ ಹೆಂಗಸರನ್ನು ಕೂಡಿಸಿಕೊಂಡು ಎರಡೂ ಪಕ್ಷದವರ ಸೇವೆಗೆ ನಿಂತ. ಅವನ ಪ್ರಯತ್ನದ ಫಲವಾಗಿ 1864ರಲ್ಲಿ ಜಿನೀವಾದಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆಯ ತೋಳುಪಟ್ಟಿ ಕಟ್ಟಿದವನು ಗಾಯಾಳುವಿನ ಸೇವಕ, ಅವನ ಮೇಲೆ ಯಾರೂ ಗುಂಡು ಹಾರಿಸಕೂಡದು ಎಂಬುದು ನಿಯಮ. ಎರಡು ಸೈನ್ಯಗಳ ನಡುವೆ ಒಂದು ಗೇಣು ಬಟ್ಟೆಯನ್ನು ನಂಬಿ ಮನುಷ್ಯ ನಡೆದುಹೋಗಬಹುದು. ಇದಕ್ಕಿಂತ ದೊಡ್ಡ ಬಿಲ್ಲೆಯನ್ನು ನಾವರಿಯೆವು. ಆ ನಂಬಿಕೆ ಕೆಡಬಾರದೆಂದೇ ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯಿದೆ ಆ ಗುರುತನ್ನು ಅಪ್ಪಣೆಯಿಲ್ಲದೆ ಬಳಸುವುದನ್ನು ಅಪರಾಧವೆಂದಿದೆ. ವೈದ್ಯರಾದರೂ ಮನಬಂದಂತೆ ಕಾರಿನ ಗಾಜಿಗೆ ಅಂಟಿಸಿಕೊಳ್ಳುವಂತಿಲ್ಲ. ಆದರೂ ಅಂಟಿಸಿಕೊಂಡಿರುತ್ತಾರೆ. ಮಠಕ್ಕೆ ಬರುವ ವೈದ್ಯರಿಬ್ಬರಿಗೆ ನಾವು ಹೇಳಿ ತೆಗೆಸಿದ್ದೇವೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಿತ್ಯಜೀವನದಲ್ಲಿಯೂ ನೋಡಿರಿ. ಬಸ್ಸಿನ ನಿರ್ವಾಹಕನ ಎದೆಯ ಮೇಲೆ ಸಂಖ್ಯೆಯುಳ್ಳ ಬಿಲ್ಲೆ ಇರುತ್ತದೆ. ಅದು ಅವನ ಒಡವೆಯಲ್ಲ. ಚಿಲ್ಲರೆ ಕೊಡದಿದ್ದರೆ, ಮುದುಕಿಯನ್ನು ನಡುದಾರಿಯಲ್ಲಿ ಇಳಿಸಿದರೆ, ಆ ಸಂಖ್ಯೆ ಹಿಡಿದು ದೂರು ಕೊಡಲೆಂದು ಇರುವುದು. ಅಂದರೆ ಬಿಲ್ಲೆ ಇರುವುದು ಅವನ ಎದೆಯ ಮೇಲೆ, ಅದರ ಹಕ್ಕು ಇರುವುದು ಪ್ರಯಾಣಿಕನದು. ಡಿ.ಕೆ. ಬಸು ಎಂಬವರು ಪಶ್ಚಿಮ ಬಂಗಾಳ ಸರ್ಕಾರದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದೇ ಮಾತನ್ನು ಪೊಲೀಸರಿಗೆ ಹೇಳಿತು. ಯಾರನ್ನಾದರೂ ಬಂಧಿಸಲು ಹೋಗುವ ಅಧಿಕಾರಿಯ ಎದೆಯ ಮೇಲೆ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವಂತಿರಬೇಕೆಂದು ಆದೇಶಿಸಿತು. ಹಿಂದೆ ಬಿಲ್ಲೆ ಕಂಡು ರೈತ ಹಿತ್ತಿಲಿಗೆ ಓಡುತ್ತಿದ್ದ. ಈಗ ಅದೇ ಬಿಲ್ಲೆಯನ್ನು ಓದಿ ಹೆಸರು ಬರೆದುಕೊಳ್ಳುವ ಅಧಿಕಾರ ಅವನಿಗಿದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಬಲ್ಲವರು ಇನ್ನೂ ಕಡಿಮೆ.

ರೈಲು ನಿಲ್ದಾಣದಲ್ಲಿ ಹೊರೆ ಹೊರುವವರ ತೋಳಿನ ಹಿತ್ತಾಳೆ ಬಿಲ್ಲೆಯನ್ನೂ ನೆನೆಯಬೇಕು. ಅದು ಇಲ್ಲದೆ ಅವರು ನಿಲ್ದಾಣದಲ್ಲಿ ಹೊರೆ ಎತ್ತುವಂತಿಲ್ಲ. ತಂದೆಗೆ ವಯಸ್ಸಾಗಿ ಕೈಲಾಗದಿದ್ದಾಗ ಆ ಬಿಲ್ಲೆಯನ್ನು ಮಗನ ಹೆಸರಿಗೆ ಮಾಡಿಕೊಡುವ ಪದ್ಧತಿ ಇದೆ. 2016ರ ರೈಲ್ವೆ ಮುಂಗಡಪತ್ರದಲ್ಲಿ ಅವರನ್ನು ಕೂಲಿಗಳೆನ್ನದೆ ಸಹಾಯಕರೆಂದು ಕರೆಯಬೇಕೆಂದು ಸಾರಿದರು. ಹೊಲವಿಲ್ಲದ ಆ ಮನೆಗಳಿಗೆ ಆ ಹಿತ್ತಾಳೆಯೇ ಪಿತ್ರಾರ್ಜಿತ. ಬೆಳ್ಳಿಯ ತಟ್ಟೆಯಲ್ಲಿಟ್ಟು ಕೊಡುವ ಎಷ್ಟೋ ಬಿರುದುಗಳಿಗೆ ಅಷ್ಟು ಬೆಲೆ ಇರಲಾರದು.

ಬಿರುದಿನ ಮಾತು ಬಂದದ್ದರಿಂದ ಹೇಳುತ್ತೇವೆ. ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧದ ಕಾಲಕ್ಕೆ ಗಾಂಧೀಜಿಯವರು ಸುಮಾರು 1100 ಭಾರತೀಯರ ದಳ ಕಟ್ಟಿ ಗಾಯಾಳುಗಳನ್ನು ಹೊತ್ತು ಸಾಗಿಸಿದರು. ಅದಕ್ಕಾಗಿ ಪದಕ ಬಂದಿತ್ತು. ಮುಂದೆ ಕೈಸರ್-ಇ-ಹಿಂದ್ ಚಿನ್ನದ ಪದಕವೂ ಬಂತು. 1920ರ ಆಗಸ್ಟ್ 1ರಂದು ಅವೆಲ್ಲವನ್ನೂ ಅವರು ವೈಸರಾಯರಿಗೆ ಹಿಂದಿರುಗಿಸಿದರು. ಸೇವೆಯನ್ನು ಹಿಂದಿರುಗಿಸಲು ಬರುವುದಿಲ್ಲ, ಅದು ಮಾಡಿಯಾಗಿತ್ತು. ಕೊಟ್ಟ ಕೈ ನ್ಯಾಯದ ಕೈಯಲ್ಲವೆಂದು ಕಂಡಾಗ ಕೊಟ್ಟ ಬಿಲ್ಲೆಯನ್ನು ಮಾತ್ರ ಬಿಚ್ಚಿಟ್ಟರು. ಕಟ್ಟಿಕೊಳ್ಳಲು ಕಲಿಸುವವರು ಹಲವರಿದ್ದಾರೆ, ಬಿಚ್ಚಿಡಲು ಕಲಿಸುವವರು ಕೆಲವರು.

ಬಲವಂತದಿಂದ ಕಟ್ಟಿದ ಬಿಲ್ಲೆಯೂ ಲೋಕದಲ್ಲಿ ಆಗಿಹೋಗಿದೆ. 1215ರಲ್ಲಿಯೇ ರೋಮಿನಲ್ಲಿ ಸೇರಿದ ಕ್ರೈಸ್ತ ಧರ್ಮಸಭೆಯೊಂದು ಯಹೂದಿಗಳೂ ಮುಸಲ್ಮಾನರೂ ಉಡುಪಿನಿಂದ ಬೇರೆಯಾಗಿ ಕಾಣಬೇಕೆಂದು ವಿಧಿಸಿತು. 1941ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸರ್ಕಾರ ಆರು ವರ್ಷ ತುಂಬಿದ ಪ್ರತಿ ಯಹೂದಿಯೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕೆಂದು ಆಜ್ಞೆ ಮಾಡಿತು. ಶಾಲೆಗೆ ಹೋಗುವ ಮಗುವಿನ ಅಂಗಿಗೆ ತಾಯಿ ತನ್ನ ಕೈಯಾರೆ ಅದನ್ನು ಹೊಲಿಯಬೇಕಾಯಿತು. ಅವರಲ್ಲಿ ಬಹಳ ಜನ ಹಿಂದಿರುಗಿ ಬರಲಿಲ್ಲ. ದೂರದ ದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಮೈಮೇಲೆ ಬಿಲ್ಲೆ ಕಟ್ಟದೆ, ಬಾವಿಯ ಕಟ್ಟೆಯಲ್ಲಿ, ಚಹಾದ ಅಂಗಡಿಯ ಬೇರೆ ಲೋಟದಲ್ಲಿ ಮನುಷ್ಯನನ್ನು ಗುರುತು ಹಾಕಿ ಕೂರಿಸಿದ ಊರುಗಳು ನಮ್ಮ ಸುತ್ತಲೇ ಇದ್ದವು. ಇದ್ದವು ಎಂದು ಬರೆಯುವಾಗ ನಮ್ಮ ಲೇಖನಿ ಸ್ವಲ್ಪ ತಡೆಯುತ್ತದೆ.

ಇನ್ನು ನಮ್ಮ ಧರ್ಮದ ಮಾತಿಗೆ ಬರೋಣ. ಇಷ್ಟಲಿಂಗವೂ ವೀರಶೈವನ ಬಿಲ್ಲೆಯಲ್ಲವೇ ಎಂದು ಕಾಲೇಜಿನ ಹುಡುಗನೊಬ್ಬ ನಮ್ಮನ್ನು ಕೇಳಿದ್ದ. ಕೇಳಿದ್ದು ತಪ್ಪಲ್ಲ. ಬಿಲ್ಲೆ ಇರುವುದು ನೋಡುವವರಿಗಾಗಿ. ಧರಿಸಿದವನಿಗೆ ತನ್ನ ಎದೆಯ ಮೇಲಿನ ಬಿಲ್ಲೆ ನೆಟ್ಟಗೆ ಕಾಣುವುದೂ ಇಲ್ಲ. ಇಷ್ಟಲಿಂಗ ಹಾಗಲ್ಲ. ಗುರು ದೀಕ್ಷೆಯಿಂದ ಕರುಣಿಸಿದ ಲಿಂಗವನ್ನು ವಸ್ತ್ರದಲ್ಲಿಟ್ಟೋ ಕರಡಿಗೆಯಲ್ಲಿಟ್ಟೋ ಅಂಗಿಯ ಒಳಗೆ ಧರಿಸುತ್ತೇವೆ. ಪೂಜೆಯ ಹೊತ್ತಿಗೆ ಎಡ ಅಂಗೈಯಲ್ಲಿಟ್ಟು ತಾನೇ ದೃಷ್ಟಿ ನೆಡುತ್ತೇವೆ. ಅದು ಧರಿಸಿದವನ ಕಣ್ಣಿಗಾಗಿ ಇರುವುದು. ಶ್ರೀ ಸಿದ್ಧಾಂತ ಶಿಖಾಮಣಿಯ ಲಿಂಗಧಾರಣ ಸ್ಥಲದಲ್ಲಿ ಶಿವಯೋಗಿ ಶಿವಾಚಾರ್ಯರು ಬಾಹ್ಯಧಾರಣೆಯೊಂದಿಗೆ ಆಂತರಧಾರಣೆಯನ್ನೂ ಹೇಳಿದ್ದಾರೆ. ಒಳಗೆ ಧರಿಸದವನಿಗೆ ಹೊರಗಿನದು ಕೊರಳಿನ ಭಾರ. ಇತ್ತೀಚೆಗೆ ಕೆಲವು ಉಳ್ಳವರು ಬೆಳ್ಳಿಯ ದೊಡ್ಡ ಕರಡಿಗೆಯನ್ನು ಅಂಗಿಯ ಮೇಲೆ ಇಳಿಬಿಟ್ಟುಕೊಂಡು ಸಭೆಗಳಿಗೆ ಬರುತ್ತಾರೆ. ಲಿಂಗವನ್ನು ಬಿಲ್ಲೆ ಮಾಡುವುದೆಂದರೆ ಇದೇ.

ವಿಭೂತಿ, ರುದ್ರಾಕ್ಷಿ, ಕಾವಿ ಇವು ಮಾತ್ರ ಕಾಣುವ ಲಾಂಛನಗಳು. ಕಾವಿಯ ವಿಷಯದಲ್ಲಿ ನಾವು ಬೇರೆಯವರನ್ನು ಹೇಳುವ ಮೊದಲು ನಮ್ಮನ್ನೇ ಹೇಳಿಕೊಳ್ಳಬೇಕು. ನಾವು ಬಸ್ಸು ಹತ್ತಿದರೆ ಜನ ಏಳುತ್ತಾರೆ. ಎದ್ದದ್ದು ನಮ್ಮ ಬಟ್ಟೆಗೆ. ನಮ್ಮ ಗುರುಗಳು ಪಟ್ಟ ಕಟ್ಟುವ ಹಿಂದಿನ ರಾತ್ರಿ ನಮ್ಮನ್ನು ಹತ್ತಿರ ಕೂರಿಸಿಕೊಂಡು, ನಾಳೆಯಿಂದ ಜನ ನಿನಗೆ ಅಡ್ಡಬೀಳುತ್ತಾರೆ, ಅದನ್ನು ನಿನಗೆಂದು ತಿಳಿದ ದಿನ ಇದನ್ನು ತೊರೆಯಲ್ಲಿ ಬಿಟ್ಟುಬಿಡು ಎಂದಿದ್ದರು. ಮೂವತ್ತು ವರ್ಷಗಳ ಮೇಲಾಯಿತು. ಬಿಡಬೇಕಾದ ದಿನಗಳು ಬರಲೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಅರವತ್ತುಮೂವರು ಪುರಾತನರಲ್ಲಿ ಮೆಯ್ಪೊರುಳ್ ನಾಯನಾರ್ ಒಬ್ಬರು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಪುರಾತನರ ಸಾಲು ಮೂರ್ತಿಗಳನ್ನು ಭಕ್ತರು ನೋಡಿರಬಹುದು. ತಮಿಳಿನ ಪೆರಿಯಪುರಾಣದಲ್ಲಿ ಶೇಕ್ಕಿಳಾರರು ಇವರ ಚರಿತ್ರೆ ಹೇಳಿದ್ದಾರೆ. ತಿರುಕೋವಿಲೂರಿನ ಅರಸ. ಯುದ್ಧದಲ್ಲಿ ಅವನನ್ನು ಗೆಲ್ಲಲಾರದ ವೈರಿ ಮುತ್ತನಾಥನೆಂಬವನು ಮೈತುಂಬ ವಿಭೂತಿ ಬಳಿದು, ಶಿವಭಕ್ತನ ವೇಷ ತೊಟ್ಟು, ಓಲೆಯ ಗ್ರಂಥದ ಕಟ್ಟಿನಲ್ಲಿ ಕತ್ತಿ ಅಡಗಿಸಿಕೊಂಡು ಬಂದ. ಯಾರಿಗೂ ಸಿಗದ ಆಗಮವನ್ನು ಏಕಾಂತದಲ್ಲಿ ಉಪದೇಶಿಸುತ್ತೇನೆಂದ. ಅರಸ ಅವನನ್ನು ಮೇಲೆ ಕೂರಿಸಿ ತಾನು ಕೆಳಗೆ ಬಾಗಿದಾಗ ಇರಿದ. ಓಡಿಬಂದ ಕಾವಲುಗಾರ ದತ್ತನು ಕತ್ತಿ ಎತ್ತಿದರೆ, ಬೀಳುತ್ತಿದ್ದ ಅರಸನೇ ತಡೆದು, ಇವನು ನಮ್ಮವನು, ಯಾರೂ ಕೈಮಾಡದಂತೆ ಊರ ಗಡಿ ದಾಟಿಸಿ ಬಾ ಎಂದ. ದತ್ತ ದಾಟಿಸಿ ಬಂದು ತಿಳಿಸುವವರೆಗೆ ಪ್ರಾಣ ಹಿಡಿದಿದ್ದ.

ಈ ಚರಿತ್ರೆಯನ್ನು ಚಿಕ್ಕಂದಿನಲ್ಲಿ ಕೇಳಿ ನಾವು ಸಿಟ್ಟಾಗಿದ್ದೆವು. ಕೊಲೆಗಾರನನ್ನು ಬಿಡುವುದೇ? ಪುರಾಣ ಹೇಳುವ ಕೆಲವರು ಇದನ್ನು, ಲಾಂಛನ ಧರಿಸಿದವರು ಏನು ಮಾಡಿದರೂ ಕೇಳಬಾರದು ಎಂಬುದಕ್ಕೆ ಆಧಾರ ಮಾಡಿಕೊಳ್ಳುತ್ತಾರೆ. ಅದು ಪುರಾಣಕ್ಕೆ ಮಾಡಿದ ಅನ್ಯಾಯ. ಪುರಾತನರ ಸಾಲಿನಲ್ಲಿ ನಿಂತದ್ದು ಅರಸ, ಮುತ್ತನಾಥನಲ್ಲ. ಲಾಂಛನಕ್ಕೆ ತಲೆಬಾಗುವುದು ನೋಡುವವನ ಭಕ್ತಿ. ಬಾಗಿದ ಆ ತಲೆಗೆ ತಕ್ಕವನಾಗಿರುವುದು ಧರಿಸಿದವನ ಹೊಣೆ. ನಮ್ಮ ಹಿರಿಯ ಭಕ್ತರು ಬೇವಿನ ಮರದ ಕೆಳಗೆ ತೆಪ್ಪಗೆ ಕುಳಿತದ್ದು ಮೆಯ್ಪೊರುಳನ ಕೆಲಸ. ಆ ಹಸಿರು ಬಿಲ್ಲೆಯಲ್ಲಿ ಶ್ರೀಮಠದ ಹೆಸರಿತ್ತು, ಅದಕ್ಕೆ ಅವರು ಎದುರಾಡಲಿಲ್ಲ. ಹಾಗಾದರೆ ಕತ್ತಿ ಇದ್ದ ಓಲೆಯ ಕಟ್ಟನ್ನು ಹಿಡಿದಿದ್ದವರು ಯಾರು?

ಆ ಹುಡುಗನನ್ನು ಕರೆಸಿದೆವು. ಅಳುತ್ತಾ ಬಂದ. ಬಿಲ್ಲೆ ಇಲ್ಲದ ಒಬ್ಬರನ್ನೂ ಬಿಡಬೇಡವೆಂದು ಅವನಿಗೆ ಹೇಳಲಾಗಿತ್ತು; ಅವನು ಹೇಳಿದಂತೆ ನಡೆದಿದ್ದ. ಬೆಳಗಿನಿಂದ ನೀರು ಕೂಡ ಕುಡಿಯದೆ ನಿಂತಿದ್ದನಂತೆ. ಸಮಿತಿಯವರನ್ನು ಕೇಳಿದೆವು. ಅವರು ಕಾಗದ ತಂದು ತೋರಿಸಿದರು. ಮೂರು ಬಣ್ಣ, ಮೂರು ಸಾಲು, ಕೆಳಗೆ ನಮ್ಮ ಸಹಿ ಮತ್ತು ಮಠದ ಮುದ್ರೆ. ಜಾತ್ರೆಯ ಗಡಿಬಿಡಿಯಲ್ಲಿ ಓದದೆ ಒತ್ತಿದ ಮುದ್ರೆ ಅದು. ಓದಿದ್ದರೂ ಒತ್ತುತ್ತಿದ್ದೆವೇನೋ, ಹಿಂದಿನ ವರ್ಷಗಳಲ್ಲಿ ಗಣ್ಯರಿಗೆ ಸರಿಯಾದ ಆಸನ ಸಿಗಲಿಲ್ಲವೆಂದು ಸಮಿತಿಯವರನ್ನು ಗದರಿದವರು ನಾವೇ.

ಈ ವರ್ಷದ ಜಾತ್ರೆಗೆ ಕೆಂಪು, ಹಳದಿ ಬಿಲ್ಲೆಗಳು ಇರುವುದಿಲ್ಲ. ಮಂತ್ರಿಗಳಾಗಲಿ ದಾನಿಗಳಾಗಲಿ ಸಾಲಿನಲ್ಲಿ ಬರತಕ್ಕದ್ದು. ವಯಸ್ಸಾದವರು, ಬಸುರಿಯರು, ಅಂಗವಿಕಲರು ಮುಂದೆ. ಸೇವೆಗೆ ನಿಂತವರಿಗೆ ಮಾತ್ರ ಬಟ್ಟೆಯ ಬಿಲ್ಲೆ. ಅದರಲ್ಲಿ ಹೆಸರು, ಊರು, ದೂರದಿಂದ ಓದುವಂಥ ದೊಡ್ಡ ಸಂಖ್ಯೆ. ಮಗು ತಪ್ಪಿಸಿಕೊಂಡರೆ, ತಲೆ ತಿರುಗಿದರೆ, ಶೌಚದ ದಾರಿ ತಿಳಿಯದಿದ್ದರೆ, ಭಕ್ತರು ಹುಡುಕಬೇಕಾದ ಮನುಷ್ಯ ಇವನೆಂದು ತಿಳಿಯಲು ಆ ಬಿಲ್ಲೆ. ಅವರು ಗದರಿದರೆ ಸಂಖ್ಯೆಯನ್ನು ನಮಗೆ ತಿಳಿಸಬೇಕು. ತೇರು ನೆಲೆ ಸೇರಿದ ರಾತ್ರಿ ಎಲ್ಲ ಬಿಲ್ಲೆಗಳೂ ಉಗ್ರಾಣದ ಬುಟ್ಟಿಗೆ ಹಿಂದಿರುಗಿ ಬರಬೇಕು. ಹಿಂದಿನ ವರ್ಷಗಳಂತೆ ತಿಂಗಳುಗಟ್ಟಲೆ ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ತಿರುಗುವಂತಿಲ್ಲ.

ಆ ಹುಡುಗ ಈ ಸಲವೂ ಸೇವೆಗೆ ಹೆಸರು ಬರೆಸಿದ್ದಾನೆ. ಗೇಟು ಬೇಡ, ದಾಸೋಹದಲ್ಲಿ ನೀರು ಕೊಡುವ ಕೆಲಸ ಕೊಡಿರೆಂದು ಕೇಳಿಕೊಂಡ. ಕೊಟ್ಟಿದ್ದೇವೆ. ಹಿರಿಯರಿಗೆ ಹೇಳಿ ಕಳಿಸಿದ್ದೆವು. ಮೊನ್ನೆ ಅವರ ಮಗ ಸಂತೆಗೆ ಬಂದವನು ಮಠಕ್ಕೂ ಬಂದು, ಜೋಳ ಹಸನು ಮಾಡಿ ಚೀಲಕ್ಕೆ ತುಂಬಿಯಾಗಿದೆ ಎಂದು ತಿಳಿಸಿ ಹೋದ. ಅಪ್ಪ ಬರುತ್ತಾರೆಯೇ ಎಂಬುದನ್ನು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.